ತಾಳೆಯಾದ ಉತ್ತರ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈದುಕೋ. ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಭಾವನ ಮಂಡಿನೋವು ಹೇಗಿದೆ?

ಪಿಎಚ್.ಡಿ. ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದೀಯ. ಮುಗಿದೇಬಿಟ್ಟಿತು ಎಂದುಕೊಂಡಿದ್ದೆ. ಈಗ ಇನ್ನೂ ಒಂದು ವರ್ಷ ಹಿಡಿಯುತ್ತದೆ.

ನಿಮ್ಮ ವಾರ್ಡಿನಲ್ಲಿ ಮಕ್ಕಳಿಗೆ ಇಂಜೆಕ್ಷನ್ ಕೊಡುವ ಮೊದಲು ಇಬ್ಬರು ನರ್ಸ್‌ಗಳು ಔಷಧದ ಪ್ರಮಾಣವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುತ್ತೀರಲ್ಲ, ನಮ್ಮಲ್ಲೂ ಅದೇ ಪದ್ಧತಿ. ಎರಡು ಕಣಗಳು ಡಿಕ್ಕಿ ಹೊಡೆದರೆ ಏನಾಗಬೇಕು ಎಂಬುದನ್ನು ನಾವು ಕಾಗದದ ಮೇಲೆಯೇ ಕಂಡುಹಿಡಿಯಬೇಕು. ನಮಗೆ ಯಂತ್ರವಿಲ್ಲ, ಗಿಂತ್ರವಿಲ್ಲ. ಒಂದು ಕರಿಹಲಗೆ, ಒಂದು ಕಸದ ಬುಟ್ಟಿ. ಅದಕ್ಕೇ ಇಬ್ಬರು ಒಂದೇ ಲೆಕ್ಕವನ್ನು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡುತ್ತಾರೆ. ಟೀ ಕುಡಿಯುವಾಗಲೂ ಅದರ ಸುದ್ದಿ ಎತ್ತುವಂತಿಲ್ಲ. ಇಬ್ಬರದೂ ಹೊಂದಿದರೆ ಮಾತ್ರ ಅದು ಉತ್ತರ.

ನನ್ನದೂ ನನ್ನ ಜೊತೆಯವನದೂ ಹೊಂದಿತು. ಸುಲಭಕ್ಕೆ ನಗದ ಗೈಡ್ ಮೇಡಂ ಅವತ್ತು ಎಲ್ಲರಿಗೂ ಕೇಕ್ ತರಿಸಿದರು. ನಮ್ಮಿಬ್ಬರ ಹೆಸರಿನ ಪೇಪರ್ ವಿಜ್ಞಾನ ಪತ್ರಿಕೆಗೆ ಹೋಯಿತು.

ಹೋದ ತಿಂಗಳು ಥೀಸಿಸ್‌ಗೆಂದು ಅದನ್ನೇ ಅಂದವಾಗಿ ಬರೆಯುತ್ತಿದ್ದಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಎಲೆಕ್ಟ್ರಾನಿನಂಥ ಕಣಗಳ ಜಾಗ ಅದಲುಬದಲು ಮಾಡಿದರೆ ಒಂದು ಮೈನಸ್ ಚಿಹ್ನೆ ಬರಬೇಕು. ನಮ್ಮಲ್ಲಿ ಹೊಸದಾಗಿ ಸೇರಿದವರಿಗೂ ಗೊತ್ತಿರುವ ಮಾತು. ನಾನು ಒಂದು ಕಡೆ ಅದನ್ನು ಬಿಟ್ಟಿದ್ದೆ. ಸರಿ, ತಪ್ಪು ನನ್ನದೇ. ಆದರೆ ಅವನ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಹೇಗೆ ಬಂತು?

ಕೇಳಿದೆ. ಕಿಟಕಿಯ ಕಡೆ ನೋಡುತ್ತ ಹೇಳಿದ: “ನನಗೆ ಬೇರೆ ಉತ್ತರ ಬಂದಿತ್ತು. ನೀನು ಊಟಕ್ಕೆ ಹೋದಾಗ ನಿನ್ನ ಮೇಜಿನ ಮೇಲಿದ್ದ ಹಾಳೆ ನೋಡ್ದೆ. ನಿಂದು ತಪ್ಪಿರೋಕೆ ಸಾಧ್ಯಾನೇ ಇಲ್ಲ ಅಂತ ನಂದನ್ನ ತಿದ್ಕೊಂಡೆ.”

“ಇದನ್ನ ಮೇಡಂಗೆ ಹೇಳ್ಬೇಕಲ್ಲ?”

“ಯಾಕೆ? ಸುಮ್ನೆ ತಿದ್ದಿ ಕಳಿಸೋಣ. ನಾನು ನೋಡಿದ್ದು ಯಾರಿಗೆ ಗೊತ್ತು?”

“ನನಗೆ ಗೊತ್ತಾಯ್ತಲ್ಲ.”

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ಒಂದು ವಾರ ಓಡಾಡಿದೆ. ಆಮೇಲೆ ಹೋಗಿ ಎಲ್ಲ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಇಬ್ಬರ ಲೆಕ್ಕ ಅಂತ ಕಳಿಸಿದ್ದು ಒಬ್ಬರ ಲೆಕ್ಕ ಆಯ್ತಲ್ಲಮ್ಮ. ಒಂದು ಕಡೆ ತಪ್ಪಿದೆ ಅಂದ್ರೆ ಉಳಿದಿದ್ದನ್ನೂ ನಂಬೋ ಹಾಗಿಲ್ಲ. ಪೇಪರ್ ವಾಪಸ್ ತಗೊಳ್ಳೋಣ. ಮತ್ತೆ ಮೊದಲಿಂದ ಮಾಡ್ತೀಯಾ?”

“ಮಾಡ್ತೀನಿ ಮೇಡಂ” ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಈ ಸಲ ನಾಲ್ಕನೇ ಕಾಲನ್ನು ನಾನೇ ಹುಡುಕಿ ತೋರಿಸಿದ್ದೇನೆ, ಖುಷಿಪಡು. ಅವನು ಬೇರೆ ಗೈಡ್ ಹತ್ತಿರ ಹೋದ. ನನಗೆ ಹೊಸ ಜೊತೆಗಾತಿ ಸಿಕ್ಕಿದ್ದಾಳೆ, ಕಟ್ಟಡದ ಇನ್ನೊಂದು ತುದಿಯಲ್ಲಿ ಕೂರುತ್ತಾಳೆ. ಊಟಕ್ಕೆ ಹೋಗುವಾಗ ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಮುಗಿಸಿಯೇ ಮುಗಿಸುತ್ತೇನೆ ಅಕ್ಕ, ನೋಡುತ್ತಿರು.

ಪುಟ್ಟಿಗೆ ಮುತ್ತು, ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಹೆಚ್ಚಿಗೇ ಇರಲಿ.

ನಿನ್ನ
ಮೊಂಡಿ

ತಾ.ಕ.: ಆ ಜೊತೆಯವನು ಯಾರೆಂದು ಬರೆಯಲು ಮೇಲೆ ಕೈ ಬರಲಿಲ್ಲ. ರಜೆಯಲ್ಲಿ ನಿಮ್ಮನೆಗೆ ಕರೆದುಕೊಂಡು ಬಂದಿದ್ದೆನಲ್ಲ, ಪುಟ್ಟಿ ಆಗಲೇ ಚಿಕ್ಕಪ್ಪ ಎಂದು ಕರೆಯತೊಡಗಿದ್ದಳಲ್ಲ, ಅವನೇ. ಇನ್ನು ಮದುವೆಯ ಮಾತಿಲ್ಲ. ಹೋಗುವಾಗ ತನ್ನ ಹಳೆಯ ಹಾಳೆ ತೋರಿಸಿದ. ಆ ಮೈನಸ್ ಅಲ್ಲಿತ್ತು ಅಕ್ಕ. ಸರಿಯಾಗಿಯೇ ಬರೆದಿದ್ದವನು ನನ್ನದನ್ನು ನೋಡಿ ಅದನ್ನು ಹೊಡೆದುಹಾಕಿದ್ದ. ಎದುರು ಮಾತಾಡದ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ನೀನು ನಗಬಹುದು. ನನಗೆ ಬೇಕಿದ್ದದ್ದು “ಇಲ್ಲಿ ನೀನು ತಪ್ಪಿದ್ದೀಯ” ಎನ್ನುವವನು. ಅದನ್ನು ಹೇಳಬಹುದಾಗಿದ್ದವನು ಅವನೊಬ್ಬನೇ. ಹೇಳಲಿಲ್ಲ.