ಹಡಗು ಹತ್ತಿದ ಎರಡು ಬಾಟಲಿ

ಹಡಗಿನಿಂದ
ಏಪ್ರಿಲ್ ೧೮, ಗುರುವಾರ

ನನ್ನ ಗುಬ್ಬಚ್ಚಿಗೆ,

ನಾನೂ ನಿನ್ನ ಸೋದರತ್ತೆಯೂ ಸುಖವಾಗಿದ್ದೇವೆ. ನೀನು ದಿನವೂ ಫೋನ್ ನೋಡಿಕೊಂಡು, ಅಪ್ಪ ಯಾಕೆ ಒಂದು ಮಾತೂ ಹೇಳುತ್ತಿಲ್ಲ ಎಂದು ಬೈದುಕೊಳ್ಳುತ್ತಿರುತ್ತೀಯೆಂದು ಗೊತ್ತು. ಸಮುದ್ರದ ಮಧ್ಯೆ ಸಿಗ್ನಲ್ ಸಿಗುವುದಿಲ್ಲ ಅನ್ನುವುದು ಅರ್ಧ ನಿಜ. ಹೇಳಬೇಕಾದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ ಅನ್ನುವುದು ಇನ್ನರ್ಧ. ಮುಂದಿನ ಬಂದರಿನಲ್ಲಿ ಅಂಚೆಗೆ ಹಾಕೋಣವೆಂದು ಈಗ ಬರೆಯಲು ಕೂತಿದ್ದೇನೆ. ತಡವಾಯಿತು, ಕೋಪ ಮಾಡಿಕೊಳ್ಳಬೇಡ.

ಹೊರಡುವ ದಿನ ನನ್ನ ಚೀಲಕ್ಕೆ ಎರಡು ಬಾಟಲಿ ತುರುಕಿ ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಅಪ್ಪ, ಆರಾಮಾಗಿ ಕೂತು ಕುಡಿ. ಅಮ್ಮನ ವೈನ್ ಥರ ಇದೆಯಾ ಇಲ್ವಾ, ಅಷ್ಟು ಹೇಳು ಸಾಕು. ಇಲ್ಲದಿದ್ರೆ ಪೀಪಾಯಿ ಸಮೇತ ಎಲ್ಲಾನೂ ಆ ದೊಡ್ಡ ಕಾರ್ಖಾನೆಯವರಿಗೆ ಕೊಟ್ಟು ನೆಲಮಾಳಿಗೆಗೆ ಬೀಗ ಹಾಕ್ತೀನಿ." ನಗುತ್ತಲೇ ಹೇಳಿದೆ. ನಿನ್ನಮ್ಮ ಹೋದಮೇಲೆ ನೀನೊಬ್ಬಳೇ ಮಾಡಿದ ಮೊದಲ ವೈನು. ಆ ನಗು ನನಗೆ ಅರ್ಥವಾಗುವುದಿಲ್ಲವೇ?

ಮೊದಲು ಬಾಟಲಿಗಳು ಹಡಗು ಹತ್ತಿದ ಕಥೆ ಕೇಳು. ಇಲ್ಲಿ ದೊಡ್ಡವರಿಗೆ ತಲೆಗೊಂದು ಬಾಟಲಿ ತರಲು ಬಿಡುತ್ತಾರೆ. ಸೀಲು ಒಡೆದಿರಬಾರದು, ದೊಡ್ಡ ಪೆಟ್ಟಿಗೆಯಲ್ಲಿ ಇಡಬಾರದು, ಕೈಯಲ್ಲೇ ಹಿಡಿದು ಬರಬೇಕು. ಹಾಗಾಗಿ ಜನ್ಮದಲ್ಲಿ ಒಂದು ಹನಿ ಮುಟ್ಟದ ನಿನ್ನ ಅತ್ತೆ ಒಂದು ಬಾಟಲಿಯನ್ನು ಕಂಕುಳಲ್ಲಿ ಮಗುವಿನ ಹಾಗೆ ಅವುಚಿಕೊಂಡು ಸಾಲಿನಲ್ಲಿ ನಿಂತಳು. ಚೀಲ ತಪಾಸಣೆ ಮಾಡುವ ಹೆಂಗಸು ಇವಳ ನರೆಗೂದಲು ನೋಡಿದಳು, ಬಾಟಲಿ ನೋಡಿದಳು.

"ಇದು ನಿಮ್ದಾ ಅಮ್ಮಾ?"

"ನಂದೇ."

"ಕುಡೀತೀರಾ?"

"ಯಾಕೆ, ಕುಡಿಯೋರ ಮುಖ ಬೇರೆ ಥರ ಇರತ್ತಾ?"

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಊರಿಗೆಲ್ಲ ಉತ್ತರ ಕೊಟ್ಟವಳು, ಅವಳಿಗೆ ಮಾತು ಹೇಳಿಕೊಡಬೇಕೇ? ಆ ಹೆಂಗಸು ನಕ್ಕು ಲೇಬಲ್ ತಿರುಗಿಸಿ ಓದಿದಳು. "ಈ ಕಂಪನಿ ಹೆಸರು ಕೇಳೇ ಇಲ್ವಲ್ಲ?" ಅಂದಳು. "ನಮ್ಮ ಮನೆಯದೇ. ನನ್ನ ಮಗಳು ಮಾಡಿದ್ದು" ಅಂದೆ. "ಹೌದಾ! ಹೇಗಿದೆ, ಚೆನ್ನಾಗಿದೆಯಾ?" ಎಂದು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಿನ್ನ ಅತ್ತೆಯೇ, "ಚೆನ್ನಾಗಿಲ್ದೇ ಇದ್ರೆ ಈ ವಯಸ್ಸಿನಲ್ಲಿ ಹೊತ್ಕೊಂಡು ಬರ್ತಿದ್ವಾ?" ಎಂದು ನನ್ನನ್ನು ಮುಂದೆ ತಳ್ಳಿದಳು.

ಯಾಕೆ ಮಾತು ಹೊರಡಲಿಲ್ಲ ಅನ್ನುವುದನ್ನು ಈಗ ಹೇಳಿಬಿಡುತ್ತೇನೆ ಮಗಳೇ. ಚಳಿಗಾಲದಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ವಾಸನೆ ಅನ್ನುವುದೇ ಇಲ್ಲ. ಮೊದಲು ನೆಗಡಿ ಅಂದುಕೊಂಡೆ, ನಿನಗೂ ಹಾಗೆಯೇ ಹೇಳಿದೆ. ಒಂದು ದಿನ ಅಡುಗೆಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಪಕ್ಕದಲ್ಲೇ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುತ್ತಿತ್ತು. ಹೊರಗಿನಿಂದ ಬಂದ ನಿನ್ನ ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಕಿರುಚಿದಳು. ನಾನು ಕ್ರಿಕೆಟ್ ಸುದ್ದಿಯಿಂದ ತಲೆಯೆತ್ತಿ, "ಏನಾಯ್ತು?" ಅಂದೆ. ಅವಳು ಗ್ಯಾಸ್ ಆರಿಸಿ, ಕಪ್ಪಾದ ಪಾತ್ರೆಯನ್ನು ನನ್ನ ಮುಂದಿಟ್ಟು ಎದುರು ಕೂತಳು. "ಅಣ್ಣಾ, ನಿಜ ಹೇಳು" ಅಂದಳು. ಹೇಳಿದೆ. ಡಾಕ್ಟರು, ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದಿದ್ದಾರೆ. ನಿನಗೆ ಹೇಳಬೇಡವೆಂದು ಅವಳ ಬಾಯಿ ಕಟ್ಟಿದ್ದು ನಾನೇ. ಹುದುಗು ಏಳುತ್ತಿದ್ದ ಹೊತ್ತು, ನೀನು ಪೀಪಾಯಿಗಳ ನಡುವೆ ಊಟ ನಿದ್ದೆ ಬಿಟ್ಟು ಓಡಾಡುತ್ತಿದ್ದೆ.

ನಮ್ಮ ಮನೆಯ ಕೆಲಸ ಹೇಗೆ ನಡೆಯುತ್ತಿತ್ತೆಂದು ನಿನಗೆ ಗೊತ್ತು. ಕೈ ನಿನ್ನಮ್ಮನದು, ಮೂಗು ನನ್ನದು. ಅವಳು ಲೋಟ ಹಿಡಿದು ಬಂದು "ಆಯ್ತಾ?" ಅನ್ನುವಳು, ನಾನು ಮೂಸಿ "ಇನ್ನೂ ಇಲ್ಲ" ಅನ್ನುವೆ. ಈಗ ನೀನು ಲೋಟ ಹಿಡಿದು ನಿಂತಿದ್ದೀಯೆ, ನನ್ನ ಮುಖದ ಮಧ್ಯೆ ಇರುವುದು ಕನ್ನಡಕ ಕೂರಿಸುವ ಗೂಟ ಅಷ್ಟೇ.

ಆದರೆ ಒಂದು ವಿಚಿತ್ರ ಹೇಳಲೇ? ಮೂಗು ಇದ್ದಾಗ ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಈಗ ಎಲ್ಲರನ್ನೂ ಕೇಳುತ್ತೇನೆ. ಕೋಣೆ ಗುಡಿಸಲು ಬರುವ ಹುಡುಗಿಯನ್ನು, "ಈ ಓಣಿಯಲ್ಲಿ ಎಂಥ ವಾಸನೆ ಬರತ್ತಮ್ಮಾ?" ಎಂದು ಕೇಳಿದೆ. ಕಂಪ್ಲೇಂಟು ಅಂದುಕೊಂಡು ಹೆದರಿ, ಸ್ಪ್ರೇ ತಂದು ಹೊಡೆದು ಹೋದಳು. ಮಾರನೇ ದಿನ ವಿವರಿಸಿ ಹೇಳಿದ ಮೇಲೆ ಗುಡಿಸುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ನಿಂತು ಯೋಚಿಸಿದಳು. "ಹೊಸ ಕಾರ್ಪೆಟ್ಟು, ಯಾರೋ ಒದ್ದೆ ಚಪ್ಪಲಿ, ಕೆಳಗಿಂದ ಸ್ವಲ್ಪ ಡೀಸೆಲ್ಲು. ಇಷ್ಟು ದಿನ ಓಡಾಡ್ತಿದೀನಿ, ನಾನೇ ಗಮನಿಸಿರ್ಲಿಲ್ಲ ಸಾರ್" ಅಂದಳು. ಸಮುದ್ರಕ್ಕೆ ಎಂಥ ವಾಸನೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಕಬ್ಬಿಣವಂತೆ, ಇನ್ನೊಬ್ಬರಿಗೆ ಕಣ್ಣೀರು ಒರೆಸಿದ ಕರ್ಚೀಫಂತೆ. ಎಲ್ಲರಿಗೂ ಒಂದೇ ಸಮುದ್ರವಲ್ಲವೇ, ಹೇಗೆ ಇದು? ನನಗಂತೂ ಸೋಜಿಗ.

ಸರಿ, ನಿನ್ನ ವೈನಿಗೆ ಬರುತ್ತೇನೆ. ಊಟದ ಹಾಲ್‌ನಲ್ಲಿ ನಮ್ಮ ಮೇಜಿಗೆ ನಿವೃತ್ತ ಹಲ್ಲಿನ ಡಾಕ್ಟರೊಬ್ಬರು, ಅವರ ಹೆಂಡತಿ. ಇಬ್ಬರೂ ಒಳ್ಳೆಯ ಜನ, ದಿನವಿಡೀ ಜಗಳ. ಹೊರಗಿನ ಬಾಟಲಿಯನ್ನು ಕೋಣೆಯಲ್ಲಿ ಕುಡಿದರೆ ಪುಕ್ಕಟೆ, ಊಟದ ಹಾಲ್‌ಗೆ ತಂದರೆ ಬಿರಡೆ ತೆಗೆಯುವುದಕ್ಕೆ ಚಾರ್ಜು. ನನಗೆ ಬೇಕಾಗಿದ್ದದ್ದು ಕುಡಿಯುವ ಜನ. ಹಾಗಾಗಿ ಹಾಲ್‌ಗೇ ತಂದೆ. ಬಡಿಸುವವನು ಚಾರ್ಜಿನ ವಿಷಯ ಹೇಳಿದ್ದೇ ತಡ, ನಿನ್ನ ಅತ್ತೆ ನೆಟ್ಟಗೆ ಕೂತಳು.

"ಬಿರಡೆ ತೆಗೆಯೋಕೆ ಯಾಕಪ್ಪಾ ದುಡ್ಡು? ಕೊಡು ಇಲ್ಲಿ, ಹಲ್ಲಲ್ಲೇ ಕಿತ್ತು ಹಾಕ್ತೀನಿ."

"ಬೇಡಮ್ಮಾ ಬೇಡ," ಅಂದರು ಡಾಕ್ಟರು ಗಾಬರಿಯಿಂದ. "ನಾನು ರಿಟೈರಾಗಿದೀನಿ."

ಬಿರಡೆ ತೆಗೆದಾಯಿತು. ನಾನು ಬಗ್ಗಿಸುತ್ತಾ, ಏನೂ ತಿಳಿಯದವನ ಹಾಗೆ, "ನೀವು ಹೇಳಿ, ಎಂಥ ವಾಸನೆ?" ಅಂದೆ. ಡಾಕ್ಟರು ಲೋಟವನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಮೂಸಿ, "ಒಣಗಿದ ಅಂಜೂರ. ಆಮೇಲೆ ಸ್ವಲ್ಪ ಮೆಣಸು" ಅಂದರು. ಹೆಂಡತಿ ಲೋಟ ಕಿತ್ತುಕೊಂಡರು. "ಅಂಜೂರಾನೂ ಇಲ್ಲ, ಮೆಣಸೂ ಇಲ್ಲ. ಬಡಗಿ ಕೆಲಸ ಮಾಡಿ ಹೋದ ಮೇಲೆ ರೂಮಲ್ಲಿ ಉಳಿಯತ್ತಲ್ಲ, ಅದು. ಹೊಸ ಮರ."

"ನಿನ್ಗೇನು ಗೊತ್ತು? ಅಂಜೂರ!"

"ಮರ ಅಂದ್ರೆ ಮರ! ಬಿಡಿ, ಇವರ ಮಾತು ಕೇಳ್ಬೇಡಿ. ಜೀವಮಾನ ಎಲ್ಲಾ ಕ್ಲಿನಿಕ್ಕಿನ ಔಷಧಿ ಮೂಸೀ ಮೂಸೀ ಇವರ ಮೂಗು ಯಾವತ್ತೋ ಸತ್ತುಹೋಗಿದೆ. ಸತ್ತ ಮೂಗು ಇಟ್ಕೊಂಡು ವೈನ್ ಬಗ್ಗೆ ಮಾತಾಡ್ತಾರೆ!"

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ. ನಿನ್ನ ಅತ್ತೆ ಮಾತ್ರ ನಗಲಿಲ್ಲ. ಮೇಜಿನ ಕೆಳಗೆ ಅವಳ ಕೈ ಬಂದು ನನ್ನ ಮೊಣಕಾಲು ಹಿಡಿದುಕೊಂಡಿತು. ಆಮೇಲೆ ಅವಳು ನನ್ನ ಮುಂದಿದ್ದ ಲೋಟವನ್ನು ತನ್ನ ಕಡೆ ಎಳೆದುಕೊಂಡಳು.

ನಿನಗೆ ನೆನಪಿರಬೇಕು, ಕುಡಿಯದಿದ್ದರೂ ನೆಲಮಾಳಿಗೆಗೆ ಬಂದಾಗಲೆಲ್ಲ ಪೀಪಾಯಿಗೆ ಮೂಗು ಹಚ್ಚಿ, "ಮೂಸೋಕೆ ದೋಷ ಇಲ್ಲ" ಅನ್ನುತ್ತಿದ್ದಳು. ಈಗ ಲೋಟದೊಳಗೆ ಮುಖವಿಟ್ಟು, ಕಣ್ಣು ಮುಚ್ಚಿ ಕೂತೇ ಬಿಟ್ಟಳು. ಗಂಡಹೆಂಡಿರು ಜಗಳ ನಿಲ್ಲಿಸಿದರು. ಅವಳು ಒಂದು ಗುಟುಕು ಕುಡಿದಳು. ಮುಖವೆಲ್ಲ ಹಿಂಡಿ ಹಿಪ್ಪೆಯಾಯಿತು. ಆದರೂ ನುಂಗಿದಳು, ಇನ್ನೊಮ್ಮೆ ಮೂಸಿದಳು.

"ಅಣ್ಣಾ, ಇದು ಅತ್ತಿಗೆ ಮಾಡಿದ ವೈನಿನ ಥರ ಇಲ್ಲ."

ನಿನ್ನ ಪೀಪಾಯಿಗಳೆಲ್ಲ ಲಾರಿ ಹತ್ತುತ್ತಿರುವುದು ಕಣ್ಣಿಗೆ ಕಟ್ಟಿತು.

"ಕೆಟ್ಟಿದೆಯಾ?" ಅಂದೆ.

"ಕೆಟ್ಟಿದೆ ಅಂದ್ನಾ ನಾನು? ಅತ್ತಿಗೆದು ಬಾಟ್ಲಿ ತೆಗೆದ್ರೆ ಇಡೀ ಮನೆಗೆ ಗೊತ್ತಾಗ್ತಿತ್ತು, ಅವರು ನಕ್ಕರೆ ಗೊತ್ತಾಗ್ತಿತ್ತಲ್ಲ, ಹಾಗೆ. ಇದು ಸುಮ್ನೆ ಮೂಲೇಲಿ ಕೂತಿರತ್ತೆ. ನಾವೇ ಹತ್ರ ಹೋಗ್ಬೇಕು. ಹೋದ್ಮೇಲೆ ಎದ್ದು ಬರೋಕೆ ಮನಸ್ಸಾಗಲ್ಲ." ಲೋಟ ಕೆಳಗಿಟ್ಟು, "ನಮ್ಮ ಹುಡುಗಿ ಥರಾನೇ ಇದೆ ಕಣೋ" ಅಂದಳು.

ಡಾಕ್ಟರ ಹೆಂಡತಿ, "ನಂಗೂ ಸ್ವಲ್ಪ ಹಾಕಿ" ಎಂದು ಲೋಟ ಚಾಚಿದರು. ಬಾಟಲಿ ಖಾಲಿಯಾಗುವವರೆಗೂ ಯಾರೂ ಏಳಲಿಲ್ಲ. ಅಂಜೂರವೋ ಮರವೋ ಎಂದು ಆ ದಂಪತಿ ಈಗಲೂ ವಾದ ಮಾಡುತ್ತಿದ್ದಾರೆ.

ಎರಡನೆಯದನ್ನು ತೆಗೆಯಲು ನಿನ್ನ ಅತ್ತೆಯ ಅಪ್ಪಣೆ ಬೇಕಾಯಿತು. "ಅದು ನಂದು. ಆ ಹೆಂಗಸಿನ ಮುಂದೆ ಒಪ್ಕೊಂಡಿದೀನಿ" ಎಂದು ಹಟ. ಕಾಡಿಬೇಡಿ ನಿನ್ನೆ ಬೆಳಗ್ಗೆ ಕೋಣೆಯಲ್ಲೇ ತೆಗೆದೆ. ಮೂಗು ಹೋದರೂ ನಾಲಿಗೆ ಇದೆಯಲ್ಲ, ಅದು ಏನು ಹೇಳುತ್ತದೋ ನೋಡುವ ಕುತೂಹಲ. ಹುಳಿ ಚುರುಕಾಗಿದೆ, ಕೆನ್ನೆಯ ಒಳಗೆ ನೀರೂರುತ್ತದೆ. ಸಿಹಿ ಉಳಿದಿಲ್ಲ, ಪೂರ್ತಿ ಹುದುಗಿದೆ. ಒಗರು ಮಾತ್ರ ಇನ್ನೂ ಒರಟು, ವಸಡನ್ನು ಹಿಡಿದುಕೊಳ್ಳುತ್ತದೆ. ಸಿಪ್ಪೆಯನ್ನು ರಸದಲ್ಲಿ ಸ್ವಲ್ಪ ಹೆಚ್ಚು ಕಾಲ ಬಿಟ್ಟೆಯಾ? ಉಳಿದದ್ದನ್ನು ಬಾಟಲಿಗೆ ತುಂಬುವ ಅವಸರ ಬೇಡ. ಇನ್ನೊಂದು ಚಳಿಗಾಲ ಪೀಪಾಯಿಯಲ್ಲೇ ಮಲಗಿರಲಿ, ಮೆತ್ತಗಾಗುತ್ತದೆ. ಅಂಗಡಿಯವರಿಗೆ ತಾಳಿಕೊಳ್ಳಲು ಹೇಳು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಅಮ್ಮನ ವೈನಿನ ಥರ ಇಲ್ಲ. ಅದಕ್ಕೇ ಕಾರ್ಖಾನೆಗೆ ಕೊಡಬೇಡ. ಅಮ್ಮನ ಹೆಸರಿನ ಲೇಬಲ್ ತೆಗೆದು ನಿನ್ನ ಹೆಸರಿನದು ಅಂಟಿಸು. ಲೋಟ ಹಿಡಿದು "ಆಯ್ತಾ?" ಎಂದು ಕೇಳಲು ಇನ್ನು ಮುಂದೆ ನನ್ನ ಹತ್ತಿರ ಬರಬೇಡ, ನಿನ್ನ ಮೂಗನ್ನೇ ಕೇಳು. ಎರಡನೇ ಅಭಿಪ್ರಾಯ ಬೇಕಾದರೆ ಅತ್ತೆ ಇದ್ದಾಳೆ. ಆದರೆ ಈಚೆಗೆ ಅವಳು ಊಟಕ್ಕೆ ಮೊದಲು ಮೀನಿಗೆ ಯಾವ ವೈನು ಹೊಂದುತ್ತದೆ ಎಂದು ಬಡಿಸುವವನಿಗೆ ಪಾಠ ಹೇಳುತ್ತಿದ್ದಾಳೆ, ಹುಷಾರು.

ನೆಲಮಾಳಿಗೆಯ ಮೆಟ್ಟಿಲಲ್ಲಿ ಜೋಪಾನ, ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕೈ ಹಾಕಿದ್ದೆಲ್ಲ ಹದಕ್ಕೆ ಬರಲಿ, ತಣ್ಣಗಿರು ಮಗಳೇ.

ಇತಿ,
ನಿನ್ನ ಅಪ್ಪ

ಮರೆತಿದ್ದೆ: ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ನಿನ್ನಮ್ಮನ ಬೂದುಬಣ್ಣದ ಶಾಲು ಇದೆ. ಅವಳು ಹೋದಾಗಿನಿಂದ ಯಾರಿಗೂ ಒಗೆಯಲು ಕೊಟ್ಟಿಲ್ಲ. ದಿನಾ ಮಲಗುವ ಮುಂಚೆ ಖಾನೆ ಎಳೆದು ಒಮ್ಮೆ ಮುಖ ಹುದುಗಿಸುತ್ತಿದ್ದೆ, ಅಲ್ಲೇ ಇರುತ್ತಿದ್ದಳು. ಜ್ವರ ಬಿಟ್ಟ ಮೇಲೆ ಮೊದಲು ತೆಗೆದು ನೋಡಿದ್ದು ಅದನ್ನೇ. ಬರೀ ಉಣ್ಣೆ, ಮೂಗಿಗೆ ಚುಚ್ಚಿತು. ವೈನಿನ ಬಗ್ಗೆ ಊರವರನ್ನೆಲ್ಲ ಕೇಳಬಹುದು, ಇದನ್ನು ಯಾರನ್ನು ಕೇಳಲಿ? ನಾವು ಬರುವುದರೊಳಗೆ ಮನೆಗೆ ಹೋಗಿ, ನೀನೊಮ್ಮೆ ಮೂಸಿ ನೋಡು. ಇನ್ನೂ ಇದ್ದರೆ ಹಾಗೆಯೇ ಮಡಿಸಿ ಒಳಗಿಡು. ಇಲ್ಲದಿದ್ದರೆ ಒಗೆದು ನೀನು ಹೊದ್ದುಕೋ. ಬಾಯಿಬಿಟ್ಟು ಮಾತ್ರ ಏನೂ ಹೇಳಬೇಡ.