ಅಳಿಯನಿಗೆ ಶಾಲು ಬೇಡ

ಸ್ಟಾಕ್‌ಪೋರ್ಟ್
೨ ಮಾರ್ಚ್ ೨೦೨೬

ಪ್ರೀತಿಯ ಅಪ್ಪ,

ನಮಸ್ಕಾರ. ನಿಮ್ಮ ಮೆಸೇಜುಗಳಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅತ್ತುಬಿಡುತ್ತೇನೆ. ಅದಕ್ಕೇ ಕಾಗದ. ಅಮ್ಮನ ಮಂಡಿನೋವು ಹೇಗಿದೆ? ಇಲ್ಲಿ ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಾಳೆ.

ಯುಗಾದಿಗೆ ನಿಮ್ಮ ಡರ್ಬಿಯ ಕನ್ನಡ ಸಂಘದಲ್ಲಿ ಲಾಕಿಗೆ ಶಾಲು ಹೊದಿಸಿ ಸನ್ಮಾನ ಮಾಡಿಸುತ್ತೀರಂತೆ. ಬೇಡ. ನನ್ನ ಗಂಡನನ್ನು ನಾನು ಕಳಿಸುವುದಿಲ್ಲ.

"ಆಸ್ಟ್ರೇಲಿಯಾದ ದನ ಕಾಯೋನಿಗೆ ನನ್ನ ಮಗಳನ್ನ ಕೊಡಬೇಕಾ?" ಎಂದು ಮದುವೆಗೆ ಮುಂಚೆ ಸೂರು ಹಾರಿಹೋಗುವಂತೆ ಕೂಗಾಡಿದವರು ನೀವು. ಟೂವೂಂಬಾದ ಆ ಹಾಲಿನ ಫಾರಂನ ಹುಡುಗ ಲೀಡ್ಸಿನಲ್ಲಿ ರಗ್ಬಿ ಆಡಿ ಪೇಪರಿನಲ್ಲಿ ಫೋಟೋ ಬಂದಮೇಲೆ ವರಸೆ ಬದಲಾಯಿತು. ಸ್ಕ್ರಮ್‌ನಲ್ಲಿ ತಲೆ ತೂರಿಸಿ ಎಮ್ಮೆಗಳಂಥ ಗಂಡಸರನ್ನು ತಳ್ಳುವುದು ಅವನ ಕೆಲಸ. ಬೀಗುವುದು ನಿಮ್ಮ ಕೆಲಸ. ಕೊನೆಗೆ ಅವನು ಇಲ್ಲಿನ ಸಣ್ಣ ಕ್ಲಬ್ಬಿಗೆ ಬಂದಾಗ ಶನಿವಾರದ ಮ್ಯಾಚ್ ಡಾಕ್ಟರ್ ಆಗಿ ನೀವೇ ಸೇರಿಕೊಂಡಿರಿ.

ಅವನ ಕೊನೆಯ ಮ್ಯಾಚಿನ ದಿನ ಸಂಘದವರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಿರಿ. ಯಾರದೋ ಮಂಡಿ ಲಾಕಿಯ ತಲೆಗೆ ಬಡಿಯಿತು. ನೀವು ಒಳಗೆ ಕರೆದೊಯ್ದು ಪರೀಕ್ಷೆ ಮಾಡಿ ಮತ್ತೆ ಆಡಲು ಬಿಟ್ಟಿರಿ. ಸ್ವಲ್ಪ ಹೊತ್ತಿಗೇ ಇನ್ನೊಂದು ಪೆಟ್ಟು. ಅಲ್ಲಿಗೆ ಅವನ ಆಟ ಮುಗಿಯಿತು. "ನಾನೇ ನೋಡಿದೀನಿ ಮಾಳು, ಎಲ್ಲಾ ಸರಿಯಾಗೇ ಇತ್ತು" ಎಂದಿರಿ. ನಂಬಿದೆ. ನಿಮ್ಮನ್ನಲ್ಲದೆ ಇನ್ಯಾರನ್ನು ನಂಬಲಿ?

ಈಗ ಅವನಿಗೆ ಬೆಳಕು ಆಗದು. ಹಗಲೂ ಪರದೆ ಎಳೆದಿರುತ್ತೇವೆ. ಪುಟ್ಟಿ ಜೋರಾಗಿ ನಕ್ಕರೆ ಕಿವಿ ಮುಚ್ಚಿಕೊಂಡು ಬಾತ್‌ರೂಮಿಗೆ ಹೋಗಿ ಕೂರುತ್ತಾನೆ. ಮಗು ಮನೆಯೊಳಗೆ ನಗುವುದನ್ನೇ ಬಿಟ್ಟಿದೆ. ಇಂಥವನನ್ನು ಮೈಕು, ಚಪ್ಪಾಳೆಯ ನಡುವೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಬೇಕೇ ನಿಮಗೆ? ನಾಚಿಕೆಯಾಗಬೇಕು ಅಪ್ಪ.

ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮನಿಗೆ ನನ್ನ ನಮಸ್ಕಾರ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ಮಾಳವಿಕಾ

ಇದೊಂದನ್ನು ಬರೆಯಬಾರದು ಅಂದುಕೊಂಡಿದ್ದೆ. ಕಳೆದ ವಾರ ಕ್ಲಬ್ಬಿನ ಫಿಸಿಯೋ ಹೆಲೆನ್ ಮನೆಗೆ ಬಂದಿದ್ದಳು; ಆ ಪರೀಕ್ಷೆಯ ಹೊತ್ತಿಗೆ ಅವಳೂ ಒಳಗಿದ್ದಳಂತೆ. ಅಂದು ಪರೀಕ್ಷೆಯಲ್ಲಿ "ಈಗ ಯಾವ ಊರಿನಲ್ಲಿ ಆಡುತ್ತಿದ್ದೀಯ?" ಎಂದು ನೀವು ಕೇಳಿದಾಗ ಲಾಕಿ "ಬ್ರಿಸ್ಬೇನ್" ಅಂದನಂತೆ. "ನಮ್ಮ ಅಳಿಯನಿಗೆ ಯಾವಾಗಲೂ ತಮಾಷೆ" ಎಂದು ನೀವು ನಕ್ಕು, ಬೆನ್ನು ತಟ್ಟಿ ಮೈದಾನಕ್ಕೆ ಕಳಿಸಿದಿರಂತೆ. ಅವನಿಗೆ ಆ ದಿನದ್ದು ಏನೂ ನೆನಪಿಲ್ಲ. ಈಗಲೂ ಬಾಗಿಲು ಸದ್ದಾದರೆ "ಮಾವ ಬಂದ್ರಾ?" ಎಂದು ಆಸೆಯಿಂದ ಕೇಳುತ್ತಾನೆ. ಅವನ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿದೆ.