ಡಾಕ್ಟರಿಗೆ ಇಪ್ಪತ್ತು ನಗೆಯ ಕ್ಯಾಸೆಟ್

೮ ಜೂನ್ ೧೯೯೮, ಸೋಮವಾರ

ಬೆಳಿಗ್ಗೆ ಅಂಗಡಿಯ ವಿಡಿಯೋ ಡೆಕ್‌ನ ಹೆಡ್ ಕ್ಲೀನ್ ಮಾಡಿದೆ. ಹನ್ನೆರಡು ಕ್ಯಾಸೆಟ್ ರಿವೈಂಡ್. ಬೋರ್ಡ್ ಬರೆದು ತೂಗುಹಾಕಿದ್ದರೂ ಯಾರೂ ರಿವೈಂಡ್ ಮಾಡಿ ಕೊಡುವುದಿಲ್ಲ. ಶಾಲೆ ಶುರುವಾಗಿದೆ, ಆದರೂ ಕಾರ್ಟೂನ್ ಕಪಾಟು ಅರ್ಧ ಖಾಲಿ.

ಹನ್ನೊಂದಕ್ಕೆ ಒಬ್ಬರು ಹೆಂಗಸು ಬಂದರು. ಅರವತ್ತರ ಹತ್ತಿರ. ಹಣೆಯ ಮೇಲೆ ವಿಭೂತಿ, ಗಂಜಿ ಹಾಕಿದ ಕಾಟನ್ ಸೀರೆ, ಮೆಲುಮಾತು. ಸುಮಿತ್ರಮ್ಮ ಎಂದು ಹೆಸರು ಹೇಳಿದರು.

"ನಮ್ಮ ಯಜಮಾನ್ರಿಗೆ ಹಾರ್ಟ್ ಆಪರೇಷನ್ ಆಗಿದೆ ಕಣಮ್ಮ. ಟೆನ್ಷನ್ ಕೂಡದು, ನಗ್‌ನಗ್ತಾ ಇರ್ಲಿ ಅಂದಿದಾರೆ. ಮನೇಲೇ ಇಟ್ಕೊಳ್ಳೋಕೆ ಇಪ್ಪತ್ತು ಕ್ಯಾಸೆಟ್ ಮಾಡ್ಕೊಡಿ. ಕಾರ್ಟೂನು, ಕಾಮಿಡಿ, ಅಷ್ಟೇ. ಹೊಡೆದಾಟ, ಅಳು ಬೇಡ. ಯಾವ್ದು ಅಂತ ನೀವೇ ಆರಿಸ್ಬೇಕು. ಕುವೆಂಪುನಗರದಲ್ಲಿ ನೀವು ಹೇಳಿದ ಪಿಕ್ಚರ್ ಮೋಸ ಇಲ್ಲ ಅಂತ ನಮ್ಮ ನಾದಿನಿ ಹೇಳಿದ್ರು."

ಖುಷಿಯಾಯಿತು. ವಿಳಾಸ ಕೇಳಿದೆ. ಕಾರ್ಡ್ ಕೊಟ್ಟರು.

ಡಾ. ರುದ್ರಸ್ವಾಮಿ. ಒಂಟಿಕೊಪ್ಪಲ್.

"ಮಾಡ್ಕೊಡ್ತೀನಮ್ಮ" ಎಂದೆ. ದನಿ ನಡುಗಲಿಲ್ಲ. ಅದೇ ಆಶ್ಚರ್ಯ.

ಅದೇ ದಿನ, ಮಧ್ಯಾಹ್ನ ೩

ಶಟರ್ ಅರ್ಧ ಎಳೆದು ಕೂತಿದ್ದೇನೆ. ಊಟ ಸೇರಲಿಲ್ಲ.

ಬರೆದುಬಿಡುತ್ತೇನೆ. ಎಂಬತ್ತೆಂಟರ ಆಗಸ್ಟ್. ಲಾಸ್ಯಳಿಗೆ ಮೂರೂವರೆ ವರ್ಷ. ಇಳಿಯದ ಜ್ವರ. ನಮ್ಮವರೇ, ಮಠಕ್ಕೆ ಬರುವವರು, ಒಳ್ಳೆಯ ಡಾಕ್ಟರು ಎಂದು ರುದ್ರಸ್ವಾಮಿಯ ನರ್ಸಿಂಗ್ ಹೋಮಿಗೇ ಸೇರಿಸಿದೆವು. ದಿನಕ್ಕೆರಡು ಇಂಜೆಕ್ಷನ್. ಐದನೇ ದಿನ ಬೆಳಿಗ್ಗೆ ಮಗು ಕರೆದರೆ ತಿರುಗಲಿಲ್ಲ. ತಟ್ಟೆ ಬಿತ್ತು, ಬೆಚ್ಚಲಿಲ್ಲ. ರೌಂಡ್ಸ್‌ಗೆ ಬಂದಾಗ ಹೇಳಿದೆ. ಕಾಲು ಹಿಡಿದು ಹೇಳಿದೆ.

"ಏನೂ ಇಲ್ಲ, ಸುಸ್ತು ಕಣಮ್ಮ. ಎರಡು ದಿನದಲ್ಲಿ ಸರಿಹೋಗುತ್ತೆ."

ಮತ್ತೆ ಇಂಜೆಕ್ಷನ್. ಏಳನೇ ದಿನ ಮನೆಗೆ ಕಳಿಸಿದರು. ಜ್ವರ ಹೋಗಿತ್ತು. ಕಿವಿಯೂ ಹೋಗಿತ್ತು. ಎರಡೂ ಕಿವಿ, ಪೂರ್ತಿ. ಆ ಇಂಜೆಕ್ಷನ್ನಿನಿಂದಲೇ ಎಂದು ಆಮೇಲೆ ಬೇರೆ ಡಾಕ್ಟರು ಹೇಳಿದರು. ಫೈಲ್ ಕೇಳಲು ಹೋದೆ. ರುದ್ರಸ್ವಾಮಿ ತಲೆಯೆತ್ತಲೂ ಇಲ್ಲ. "ಹಳೇ ಫೈಲ್ ಎಲ್ಲ ಇಡೋದಿಲ್ಲ. ಜ್ವರದಿಂದ ಹಂಗಾಗುತ್ತೆ. ನಿಮ್ಮ ಕಡೆ ಯಾರಿಗಾದ್ರೂ ಕಿವುಡು ಇದ್ಯಾ, ವಿಚಾರಿಸಿ."

ನಮ್ಮ ಕಡೆ!

ಅವರು ಈಗ ನಗಬೇಕಂತೆ. ಪಟ್ಟಿ ನಾನು ಮಾಡಿಕೊಡಬೇಕಂತೆ.

೧೧ ಜೂನ್, ಗುರುವಾರ

ಕಾಯಿಲೆಯ ತಾತನೊಬ್ಬರಿಗೆ ಇಪ್ಪತ್ತು ಪಿಕ್ಚರ್ ಬೇಕು ಎಂದು ಮಾತ್ರ ಲಾಸ್ಯಳಿಗೆ ಹೇಳಿದೆ. ಅವಳಿಗೆ ಸಂಭ್ರಮ. ಶಾಲೆಯ ಚೀಲ ಬಿಸಾಕಿ ಕಪಾಟಿನ ಮುಂದೆ ಕೂತಳು.

ಈ ಅಂಗಡಿಯ ಗುಟ್ಟು ಅವಳೇ. ಹೊಸ ಕ್ಯಾಸೆಟ್ ಬಂದರೆ ಮೊದಲು ನೋಡುವವಳು ಅವಳು. ನಕ್ಕರೆ ಕೆಂಪು ಪೆನ್ಸಿಲ್ಲಿನಲ್ಲಿ ಸ್ಟಾರ್ ಹಾಕುತ್ತಾಳೆ. ಸದ್ದಿಲ್ಲದೆ ನಗಿಸುವ ಪಿಕ್ಚರ್ ಸದ್ದಿದ್ದರೆ ಇನ್ನೂ ನಗಿಸುತ್ತದೆ. ಐದು ಸ್ಟಾರ್ ಇದ್ದದ್ದನ್ನು ನಾನು ಕಣ್ಣು ಮುಚ್ಚಿ ಕೊಡುತ್ತೇನೆ, ಒಬ್ಬರೂ ಬೈದಿಲ್ಲ.

ಆರಿಸಿದಳು. ಅಂಚೆ ಹಂಚುವ ಆನೆಮರಿಯ ಕಾರ್ಟೂನ್. ಸೊಂಡಿಲಲ್ಲಿ ಕಾಗದ ಇಟ್ಟುಕೊಂಡು ಸೀನಿದಾಗ ಊರಿನ ಕಾಗದವೆಲ್ಲ ತಪ್ಪು ಮನೆಗೆ ಹೋಗುವುದು. ಒಂದೇ ಮದುವೆಗೆ ಎರಡು ಅಡುಗೆ ತಂಡ ಬರುವ ಕಾಮಿಡಿ. ಏಣಿ ಹೊತ್ತವನೊಬ್ಬ ಊರೆಲ್ಲ ಸುತ್ತುವ ಕಪ್ಪು-ಬಿಳುಪಿನದು. ಪ್ರತಿಯೊಂದನ್ನೂ ಕೈಯಲ್ಲಿ ಆಡಿ ತೋರಿಸಿದಳು. ತಾತ ಇಲ್ಲಿ ನಗುತ್ತಾರೆ, ಇಲ್ಲೂ ನಗುತ್ತಾರೆ. ಕೊನೆಗೆ ಪಟ್ಟಿಯ ಮೇಲೆ ಬರೆದಳು: "ತಾತ ಬೇಗ ಹುಷಾರಾಗಲಿ."

ಆ ಸಾಲು ಓದಿ ಪಟ್ಟಿಯನ್ನು ಮಗುಚಿಟ್ಟೆ.

೧೨ ಜೂನ್, ಶುಕ್ರವಾರ

ಹೊಳೆಯಿತು. ಪಾತ್ರೆ ತೊಳೆಯುವಾಗ.

ಒಂದು ಡೆಕ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಎರಡು ವೈರ್. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಸದ್ದು. ಬಿಳಿ ಕಿತ್ತರೆ ಮುಗಿಯಿತು. ಮೊದಲೇ ಕೀಳಬಾರದು. ಹತ್ತು ನಿಮಿಷ ಸದ್ದಿರಲಿ. ನಗಲಿ. ಕಥೆಗೆ ಅಂಟಿಕೊಳ್ಳಲಿ. ಆಮೇಲೆ ಹೋಗಲಿ, ಹೇಳದೆ ಕೇಳದೆ. ನನ್ನ ಮಗುವಿಗೆ ಹೋದ ಹಾಗೆ.

ಲಾಸ್ಯಳ ಪಟ್ಟಿ ನಡೆಯುವುದಿಲ್ಲ. ಅವಳು ಆರಿಸಿದ್ದೆಲ್ಲ ಸದ್ದಿಲ್ಲದೆಯೂ ನಗಿಸುತ್ತದೆ. ಅದನ್ನು ಮಡಚಿ ಡ್ರಾಯರಿಗೆ ಹಾಕಿ ನನ್ನದೇ ಪಟ್ಟಿ ಮಾಡಿದೆ. ಬರೀ ಮಾತಿನ ಮೇಲೆ ನಿಂತ ಕಾಮಿಡಿಗಳು. ಫೋನಿನಲ್ಲೇ ಜಗಳವಾಡುವ ಗಂಡ-ಹೆಂಡತಿ. ಕೋರ್ಟಿನಲ್ಲಿ ಉಗ್ಗುವ ವಕೀಲ. ಕಪ್ಪೆಗಳ ಬ್ಯಾಂಡ್‌ಸೆಟ್ಟಿನ ಕಾರ್ಟೂನ್. ಅದಕ್ಕೆ ಲಾಸ್ಯ ಒಂದೂ ಸ್ಟಾರ್ ಹಾಕಿಲ್ಲ. ಪಕ್ಕದಲ್ಲಿ ಬರೆದಿದ್ದಾಳೆ: "ಸುಮ್ಮನೆ ಬಾಯಿ ಬಿಡುತ್ತವೆ." ಅದೇ ಬೇಕು. ಅವರ ಮುಂದೆ ಕಪ್ಪೆಗಳು ಸುಮ್ಮನೆ ಬಾಯಿ ಬಿಡಲಿ.

ನಮ್ಮ ಯಜಮಾನರು ಮಹಾಂತೇಶ್ ಶಿಫ್ಟ್ ಮುಗಿಸಿ ಬಂದ ಮೇಲೆ ಹೇಳಿದೆ. ಇವರು ಚಪ್ಪಲಿ ಬಿಡುತ್ತಾ ನಿಂತುಬಿಟ್ಟರು.

"ಹಾರ್ಟ್ ಪೇಷೆಂಟ್ ಮೇಲೆ ಏನ್ ಸೇಡು ಲೀಲಾ. ಬುಡು."

"ಸಾಯ್ಲಿ ಅಂತ ಅಲ್ಲ ಕಣ್ರೀ. ಕೇಳಿಸ್ದೇ ಇರ್ಲಿ ಅಂತ."

ಇವರು ಕೈಕಾಲು ತೊಳೆಯಲು ಹೋದರು.

೨೬ ಜೂನ್, ಶುಕ್ರವಾರ

ಹದಿಮೂರು ಮುಗಿದವು. ಲಾಸ್ಯ ಶಾಲೆಯಲ್ಲಿರುವಾಗ ಮಾತ್ರ. ಗಡಿಯಾರ ನೋಡಿಕೊಂಡು ಕೂರುತ್ತೇನೆ. ಹತ್ತನೇ ನಿಮಿಷಕ್ಕೆ ಬಿಳಿ ವೈರ್ ಕೀಳುತ್ತೇನೆ. ಟಪ್ ಎಂದು ಸಣ್ಣ ಸದ್ದು. ಇಷ್ಟು ವರ್ಷದಲ್ಲಿ ಯಾವ ಪಿಕ್ಚರೂ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ. ತಪ್ಪಾದರೆ ಆಗಲಿ.

೪ ಜುಲೈ, ಶನಿವಾರ

ಸುಮಿತ್ರಮ್ಮ ಬಂದು ತೆಗೆದುಕೊಂಡು ಹೋದರು. ನೀಟಾಗಿ ಲೇಬಲ್ ಬರೆದಿದ್ದೆ, ನಂಬರ್ ಹಾಕಿ. ಮೂರು ಕ್ಯಾಸೆಟ್ ಹಾಕಿಸಿ ಎರಡೆರಡು ನಿಮಿಷ ನೋಡಿದರು. ಸದ್ದು ಗಂಟೆಯ ಹಾಗೆ. "ಪ್ರಿಂಟ್ ತುಂಬ ಚೆನ್ನಾಗಿದೆ. ನಿಮಗೆ ಪುಣ್ಯ ಬರಲಿ ಕಣಮ್ಮ" ಎಂದು ನನ್ನ ಕೈ ಹಿಡಿದುಕೊಂಡರು. ಬೆಚ್ಚಗಿನ ಕೈ. ಬಿಡಿಸಿಕೊಂಡೆ.

೭ ಜುಲೈ, ಮಂಗಳವಾರ

ಫೋನ್ ಬಂತು!

"ಸೌಂಡ್ ನಿಂತೋಯ್ತು ಕಣಮ್ಮ. ಇನ್ನೊಂದು ಹಾಕಿದ್ವಿ, ಅದೂ ನಿಂತೋಯ್ತು."

"ನಿಮ್ಮ ಟಿವಿ ತೋರಿಸಿ, ಅಮ್ಮ."

೧೦ ಜುಲೈ, ಶುಕ್ರವಾರ

ಮೆಕ್ಯಾನಿಕ್ ಬಂದು ಹೋದನಂತೆ. ಟಿವಿ ಸರಿ, ಡೆಕ್ ಸರಿ. ಈಗ ಎಂಟು ಕ್ಯಾಸೆಟ್ ನೋಡಿದ್ದಾರೆ, ಎಂಟೂ ಹಾಗೇ. ಸುಮಿತ್ರಮ್ಮನ ದನಿ ಅಳುಮುಖವಾಗಿತ್ತು. "ಏನ್ ಮಾಡ್ಲಿ ಹೇಳಿ."

ಈ ಮಾತನ್ನು ಹತ್ತು ವರ್ಷ ನಾಲಿಗೆ ಮೇಲೆ ಇಟ್ಟುಕೊಂಡಿದ್ದೆ. ನಿಧಾನವಾಗಿ ಹೇಳಿದೆ. "ಏನೂ ಇಲ್ಲ, ಕ್ಯಾಸೆಟ್ ಹೊಸದಲ್ವಾ, ಸುಸ್ತು. ಎರಡು ದಿನದಲ್ಲಿ ಸರಿಹೋಗುತ್ತೆ."

"ಸುಸ್ತಾ?" ಎಂದರು. ಕ್ಯಾಸೆಟ್ಟಿಗೆ ಸುಸ್ತು ಎಂದರೆ ಯಾರಿಗೆ ಅರ್ಥವಾಗುತ್ತದೆ. ಅರ್ಥವಾಗಬೇಕಾದವರು ಫೋನಿನಲ್ಲಿರಲಿಲ್ಲ.

೧೬ ಜುಲೈ, ಗುರುವಾರ

ಮತ್ತೆ ಫೋನ್. ಮೊನ್ನೆ ಮಧ್ಯಾಹ್ನ ರುದ್ರಸ್ವಾಮಿ ಒಬ್ಬರೇ ಕೂತು ಕಪ್ಪೆಯ ಬ್ಯಾಂಡ್‌ಸೆಟ್ ನೋಡುತ್ತಿದ್ದರಂತೆ. ಆ ಕ್ಯಾಸೆಟ್ಟಾದರೂ ಸರಿಯಿರಬಹುದು ಎಂದು. ಸದ್ದು ಹೋಯಿತು. ಮನೆಯಲ್ಲೂ ಯಾರ ದನಿಯೂ ಇಲ್ಲ.

"ಕಿವಿನೇ ಹೋಯ್ತೇನೋ ಅಂತ ಕಿರುಚಿಕೊಂಡ್ರು ಕಣಮ್ಮ. ನಾನು ಹಿತ್ತಲಿಂದ ಓಡಿಬಂದು ಮಾತಾಡಿದ ಮೇಲೇ ಸಮಾಧಾನ. ಮೈಯೆಲ್ಲ ಬೆವರು."

ಫೋನ್ ಇಟ್ಟು ನಕ್ಕೆ. ಒಬ್ಬಳೇ, ಕೌಂಟರಿನ ಹಿಂದೆ, ಕಣ್ಣಲ್ಲಿ ನೀರು ಬರುವವರೆಗೆ. ಅರ್ಧ ನಿಮಿಷವಾದರೂ ಅನುಭವಿಸಿದರಲ್ಲ! ನನ್ನ ಮಗಳಿಗೆ ಹತ್ತು ವರ್ಷ. ಅವರಿಗೆ ಅರ್ಧ ನಿಮಿಷ. ಸಾಲದು. ಆದರೂ…

೧೯ ಜುಲೈ, ಭಾನುವಾರ

ಇಂದು ಆದದ್ದನ್ನು ಇಂದೇ ಬರೆಯಬೇಕು.

ಬೆಳಿಗ್ಗೆ ಹಿನಕಲ್‌ಗೆ, ಅಕ್ಕನ ಮನೆಗೆ ಹೋಗಿದ್ದೆ. ಅಂಗಡಿಯಲ್ಲಿ ಲಾಸ್ಯ, ಮಹಾಂತೇಶ್. ವಾಪಸು ಬಂದರೆ ಬಾಗಿಲಲ್ಲಿ ಕಾರು. ಒಳಗೆ ಸ್ಟೂಲಿನ ಮೇಲೆ ರುದ್ರಸ್ವಾಮಿ. ಸೊರಗಿದ್ದಾರೆ. ಷರಟು ಎರಡು ಸೈಜು ದೊಡ್ಡದಾಗಿ ಕಾಣುತ್ತಿತ್ತು. ಕೌಂಟರ್ ಮೇಲೆ ಇಪ್ಪತ್ತೂ ಕ್ಯಾಸೆಟ್.

ಲಾಸ್ಯ ಡೆಕ್ ಮುಂದೆ ಮಂಡಿಯೂರಿದ್ದಳು. ನಮ್ಮ ದೊಡ್ಡ ಡೆಕ್‌ನಲ್ಲಿ ಸದ್ದಿಗೆ ತಕ್ಕ ಹಾಗೆ ಕುಣಿಯುವ ಹಸಿರು ಗೆರೆಗಳಿವೆ. ಅವಳು ಸದ್ದು ನೋಡುವುದು ಅದರಲ್ಲೇ. ಒಂದೊಂದೇ ಕ್ಯಾಸೆಟ್ ಹಾಕಿ, ಓಡಿಸಿ, ಗೆರೆ ಮಲಗುವ ಜಾಗ ಹುಡುಕಿದ್ದಾಳೆ. ಎಲ್ಲವೂ ಹತ್ತು ನಿಮಿಷ. ನನ್ನ ಕಡೆ ತಿರುಗಿದಳು. ಆ ಹೊತ್ತಿಗೆ ನಾನೇ ಮಾಡಿದ್ದೆಂದು ಅವಳಿಗೆ ಗೊತ್ತಾಗಿಹೋಗಿತ್ತು.

"ಟೇಪ್ ಕೆಟ್ಟಿರೋದಲ್ಲ ಅಂತಾರೆ ನಿಮ್ಮ ಯಜಮಾನ್ರು," ಎಂದರು ಡಾಕ್ಟರು. "ಬೇಕಂತ ಮಾಡಿದ್ದು ಅಂತಾರೆ. ಯಾಕೆ ಅಂದ್ರೆ ಹೇಳ್ತಿಲ್ಲ. ಯಾಕಮ್ಮ?"

ನಾನು ಲಾಸ್ಯಳ ಭುಜ ಹಿಡಿದು ಅವರ ಮುಂದೆ ನಿಲ್ಲಿಸಿದೆ.

"ಇವಳು ಲಾಸ್ಯ. ಎಂಬತ್ತೆಂಟು, ಆಗಸ್ಟ್. ಐದನೇ ದಿನವೇ ನಿಮಗೆ ಹೇಳಿದ್ದೆ, ಮಗೂಗೆ ಕೇಳಿಸ್ತಿಲ್ಲ ಅಂತ. ನೀವು ನಿಲ್ಲಿಸ್ಲಿಲ್ಲ. ಏಳು ದಿನ ಚುಚ್ಚಿದ್ರಿ."

ಲಾಸ್ಯಳ ಮುಖ ನೋಡಿದರು. ಮರೆತಿದ್ದಾರೆ, ಈಗ ಜ್ವರ ಎನ್ನುತ್ತಾರೆ ಎಂದು ಕಾದೆ. ಎಂದರೆ ಏನು ಮಾಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ.

"ಏಳಲ್ಲಮ್ಮ," ಎಂದರು. "ಎಂಟು. ಡಿಸ್ಚಾರ್ಜ್ ಆದ ಮಾರನೇ ದಿನ ಬಂದು ಒಂದು ಹಾಕಿಸ್ಕೊಂಡು ಹೋಗಿದ್ರಿ."

ಎಂಟು. ಹೌದು. ಹೋಗಿದ್ದೆ. ನಾನೇ ಎತ್ತಿಕೊಂಡು ಹೋಗಿದ್ದೆ. ನಾನೇ ಮರೆತಿದ್ದೆ.

"ಫೈಲ್ ಇತ್ತು," ಎಂದರು. "ನೀವು ಕೇಳೋಕೆ ಬಂದಾಗ ಮೇಜಿನ ಡ್ರಾಯರಲ್ಲೇ ಇತ್ತು. ನಿಲ್ಲಿಸ್ಬೇಕಾಗಿತ್ತು. ನನಗೆ ಗೊತ್ತಿತ್ತು… ನರ್ಸಿಂಗ್ ಹೋಮ್ ಆಗ ಇನ್ನೂ ಹೊಸದು."

"ಬರೆದು ಕೊಡಿ," ಎಂದೆ.

"ಬರೆದು ಏನ್ ಮಾಡ್ತೀರಿ ಈಗ?"

"ಬರೆದು ಕೊಡಿ."

ತಲೆಯಾಡಿಸಿದರು. ಏಳಲು ಆಗಲಿಲ್ಲ. ಮಹಾಂತೇಶ್ ರಟ್ಟೆ ಹಿಡಿದು ಕಾರಿನವರೆಗೆ ಬಿಟ್ಟುಬಂದರು. ನಾನು ಕದಲಲಿಲ್ಲ. ಅಯ್ಯೋ ಅನಿಸಲಿಲ್ಲ. ಸತ್ಯ ಬರೆಯುತ್ತೇನೆ, ಅನಿಸಲೇ ಇಲ್ಲ.

ಲಾಸ್ಯ ಅಷ್ಟು ಹೊತ್ತೂ ಅವರ ತುಟಿಯನ್ನೇ ನೋಡುತ್ತಿದ್ದಳು.

೨೦ ಜುಲೈ, ಸೋಮವಾರ

ಫೈಲ್ ಕೇಳಿದಾಗ ಡಾಕ್ಟರು ಜ್ವರ ಅಂದದ್ದನ್ನು ನಿನ್ನೆ ರಾತ್ರಿ ಮಹಾಂತೇಶ್ ಲಾಸ್ಯಳಿಗೆ ಬರೆದು ತಿಳಿಸಿದರು. ಇಂದು ಅವಳು ಶಾಲೆಗೆ ಹೋಗಲಿಲ್ಲ. ಡ್ರಾಯರಿನಿಂದ ತನ್ನ ಪಟ್ಟಿ ತೆಗೆದಿದ್ದಾಳೆ. ಅದರ ಹಿಂದೆ ಬರೆದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಜ್ವರ ಬಂದು ಹೀಗಾಯಿತು ಅಂತ ನೀನು ಹೇಳಿದ್ದೆ. ಅವರೂ ಜ್ವರ ಅಂದರು, ನೀನೂ ಜ್ವರ ಅಂದೆ."

ಕೆಳಗೆ, ಬಿಟ್ಟು ಬಿಟ್ಟು:

"ಅವರಿಗೆ ಶಿಕ್ಷೆ ಕೊಡೋಕೆ ಅವರನ್ನ ನನ್ನ ಥರ ಮಾಡಿದೆ. ನನ್ನ ಥರ ಇರೋದು ಅಷ್ಟು ಕೆಟ್ಟದಾ ಅಮ್ಮ?"

ಉತ್ತರ ಬರೆಯಲು ಪೆನ್ ತೆಗೆದುಕೊಂಡೆ. ಅನ್ನ ಆರಿತು.

೨೯ ಜುಲೈ, ಬುಧವಾರ

ಒಂಬತ್ತು ದಿನ. ಲಾಸ್ಯ ಅಂಗಡಿಗೆ ಕಾಲಿಟ್ಟಿಲ್ಲ. ಹೊಸ ಕ್ಯಾಸೆಟ್ ನಾಲ್ಕು ಬಂದಿವೆ, ನೋಡಲಿಲ್ಲ. ಇಂದು ಒಬ್ಬರು ಮೊಮ್ಮಗನ ಹುಟ್ಟುಹಬ್ಬಕ್ಕೆ ಒಳ್ಳೆಯ ಕಾರ್ಟೂನ್ ಯಾವುದು ಎಂದು ಕೇಳಿದರು. ನಾಲ್ಕನ್ನೂ ತಿರುಗಿಸಿ ನೋಡಿದೆ. "ಗೊತ್ತಿಲ್ಲಮ್ಮ" ಎಂದೆ. ನಿಜವಾಗಿಯೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ.

೩ ಆಗಸ್ಟ್, ಸೋಮವಾರ

ಸುಮಿತ್ರಮ್ಮನೇ ಬಂದು ಲಕೋಟೆ ಕೊಟ್ಟರು. ಕಣ್ಣೆತ್ತಿ ನೋಡಲಿಲ್ಲ. ಲೆಟರ್‌ಹೆಡ್ಡಿನ ಮೇಲೆ ಎರಡು ಪುಟ, ಇಂಜೆಕ್ಷನ್ನಿನ ಹೆಸರು, ದಿನ, ಹೊತ್ತು, ಕೆಳಗೆ ಸಹಿ. ಜೊತೆಗೆ ಹಳದಿಯಾದ ಫೈಲ್. "ತಾಯಿ ಐದನೇ ದಿನ ತಿಳಿಸಿದರು, ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ" ಎಂದು ಅವರದೇ ಅಕ್ಷರ.

ಲಾಯರ್ ಹತ್ತಿರ ಹೋಗೋಣ ಎನ್ನುತ್ತಾರೆ ಮಹಾಂತೇಶ್. ಬಿಡು ಎಂದಿದ್ದವರೇ. ಹೋಗಬೇಕೆಂದು ನನಗೂ ಇದೆ. ಕ್ಷಮಿಸಿಲ್ಲ. ಎಲ್ಲರ ಮುಂದೆ ಅವರು ಇದನ್ನು ಓದಬೇಕು.

ಆದರೆ ಈ ಕಾಗದ ನನ್ನದಲ್ಲ. ಸಂಜೆ ಲಾಸ್ಯಳ ಮುಂದೆ ಇಟ್ಟೆ. ಮೂರು ಸಲ ಓದಿದಳು. ಫೈಲಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಲಾಯರ್ ಹತ್ತಿರ ಹೋಗುವುದಾ ಎಂದು ಕೈಯಲ್ಲಿ ಕೇಳಿದೆ. ಬೆರಳೆತ್ತಿದಳು. ಇರು. ಮೊದಲು ಎಲ್ಲ ಗೊತ್ತಾಗಬೇಕು ಎಂದು ಬರೆದಳು. ಅವರದ್ದು ಓದಿದೆ, ನಿನ್ನದು ಎಲ್ಲಿ?

ಈಗ ಎದುರಿಗೇ ನಿಂತಿದ್ದಾಳೆ. ಈ ಪುಸ್ತಕಕ್ಕೆ ಕೈಚಾಚಿದ್ದಾಳೆ. ಜುಲೈ ಹದಿನಾರರ ಪುಟ, ನಾನು ನಕ್ಕಿದ್ದು… ಅದೊಂದನ್ನು ಹರಿದುಬಿಡಲೇ ಅನಿಸಿತು. ಹರಿಯಲಿಲ್ಲ. ಇನ್ನೆರಡು ಸಾಲು, ತಾಳು ಎಂದೆ. ಅವಳು ತಾಳುತ್ತಿಲ್ಲ. ತುದಿ ಹಿಡಿದು ಎಳೆಯು